ನಾಲ್ಕು ಜೋಡಿ ಶೂ, ಒಂದು ಹಿಮ್ಮಡಿ ನೋವು: ಸರದಿ ಬಳಕೆ ಮತ್ತು ಪರೀಕ್ಷೆಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ಓಟಗಾರ್ತಿ ನಲವತ್ತು ದಾಟಿದವರು, ಹಲವು ವರ್ಷಗಳಿಂದ ರಸ್ತೆ ಓಟವನ್ನು ನಿಷ್ಠೆಯಿಂದ ಅಭ್ಯಾಸ ಮಾಡುತ್ತ ಬಂದವರು. ಗುರುತು ಹೊರಬೀಳಬಾರದೆಂಬ ಕಾರಣಕ್ಕೆ ಹೆಸರು, ಊರು, ಓಡಿದ ಸ್ಪರ್ಧೆಗಳು, ಶೂಗಳ ಕಂಪನಿ ಇವೆಲ್ಲವನ್ನೂ ಕೈಬಿಟ್ಟು, ತೀರ್ಮಾನಕ್ಕೆ ಸಂಬಂಧಪಡದ ಒಂದೆರಡು ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆಯೊಂದಿಗೆ ಇದನ್ನು ಬರೆಯುತ್ತಿದ್ದೇನೆ. ತರಬೇತುದಾರನಾಗಿ ನನ್ನ ಪಾತ್ರ ಸೀಮಿತವಾಗಿತ್ತು: ಅವರ ವಾರದ ಓಟದ ಯೋಜನೆಯನ್ನು ನೋಡಿಕೊಳ್ಳುವುದು ಮತ್ತು ಅವರೊಂದಿಗೆ ಕುಳಿತು ದಾಖಲೆಯನ್ನು ಓದುವುದು. ನೋವಿನ ತಪಾಸಣೆ ಮತ್ತು ವ್ಯಾಯಾಮದ ಸಲಹೆ ಒಬ್ಬ ಫಿಸಿಯೊಥೆರಪಿಸ್ಟ್ ಅವರದು.

ಅವರು ವಾರಕ್ಕೆ ನಾಲ್ಕು ಬಾರಿ, ಒಟ್ಟು 45 ಕಿ.ಮೀ. ಆಸುಪಾಸು ಓಡುತ್ತಿದ್ದರು. ಮಂಗಳವಾರ ಸಂಜೆ ವೇಗದ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಓಡುವ ಚಿಕ್ಕ ವೇಗದ ಓಟಗಳು), ಬುಧವಾರ ಸಂಜೆ ನಿಧಾನದ ಓಟ, ಶುಕ್ರವಾರ ಸ್ಪರ್ಧೆಯ ವೇಗಕ್ಕೆ ಹತ್ತಿರವಾದ ಟೆಂಪೊ ಓಟ, ಭಾನುವಾರ ಬೆಳಿಗ್ಗೆ ದೀರ್ಘ ಓಟ. ಗುರಿ ಹಾಫ್ ಮ್ಯಾರಥಾನ್. ಈ ಕ್ರಮ ಬಹುಕಾಲದಿಂದ ಬದಲಾಗಿರಲಿಲ್ಲ, ಅದರಿಂದ ತೊಂದರೆಯೂ ಆಗಿರಲಿಲ್ಲ. ಬದಲಾದದ್ದು ಶೂ ಮಾತ್ರ.

ವರ್ಷಗಳ ಕಾಲ ಅವರು ಒಂದೇ ಮಾದರಿಯ ಶೂ ಧರಿಸಿ, ಅದು ಸವೆದಾಗ ಅದೇ ಮಾದರಿಯ ಇನ್ನೊಂದು ಜೋಡಿಯನ್ನು ತರಿಸಿಕೊಳ್ಳುತ್ತಿದ್ದರು. ಒಮ್ಮೆ ಹೀಗೆ ತರಿಸಿದಾಗ ಪೆಟ್ಟಿಗೆಯ ಮೇಲಿನ ಹೆಸರು ಅದೇ ಇದ್ದರೂ ಒಳಗಿದ್ದ ಶೂ ಬೇರೆಯೇ ಆಗಿತ್ತು. ಅಟ್ಟೆ ದಪ್ಪವಾಗಿತ್ತು, ಫೋಮ್ ಮೆತ್ತಗಾಗಿತ್ತು, ಹಿಮ್ಮಡಿ ಮತ್ತು ಮುಂಗಾಲಿನ ಕೆಳಗಿನ ಎತ್ತರಗಳ ವ್ಯತ್ಯಾಸ, ಅಂದರೆ ಡ್ರಾಪ್, 10 ಮಿ.ಮೀ.ಯಿಂದ 8ಕ್ಕೆ ಇಳಿದಿತ್ತು. ಹೊಸ ಆವೃತ್ತಿ ಬಂದಾಗ ಕಂಪನಿಗಳು ಹೆಸರನ್ನು ಉಳಿಸಿಕೊಂಡು ಶೂವನ್ನೇ ಬದಲಿಸುವುದು ಈ ಉದ್ಯಮದಲ್ಲಿ ಸಾಮಾನ್ಯ ಸಂಗತಿ. ಹೊಸ ಜೋಡಿಯಲ್ಲಿ ಹಿಮ್ಮಡಿ ಜಾರುತ್ತದೆ ಎನ್ನಿಸಿ ಅವರು ಹಳೆಯದನ್ನು ಬಿಸಾಡದೆ ಉಳಿಸಿಕೊಂಡರು. ಆಮೇಲೆ ಬೇರೆ ಬೇರೆ ಓಟಕ್ಕೆ ಬೇರೆ ಬೇರೆ ಶೂ ಇರಲಿ ಎಂದು ಇನ್ನೆರಡು ಜೋಡಿಗಳನ್ನು ಸೇರಿಸಿಕೊಂಡರು.

ಈ ನಾಲ್ಕನ್ನು ಕ, ಖ, ಗ, ಘ ಎಂದು ಕರೆಯುತ್ತೇನೆ. ಕ ಎಂದರೆ 600 ಕಿ.ಮೀ.ಗಿಂತ ಹೆಚ್ಚು ಓಡಿದ್ದ ಹಳೆಯ ಜೋಡಿ: ಸಾಂಪ್ರದಾಯಿಕ ಇವಿಎ ಫೋಮ್, ತುಸು ಗಟ್ಟಿ, 10 ಮಿ.ಮೀ. ಡ್ರಾಪ್. ಖ ಅದರ ಮೆತ್ತನೆಯ ಉತ್ತರಾಧಿಕಾರಿ. ಗ ತೆಳು ಅಟ್ಟೆಯ, ಹಗುರವಾದ, 4 ಮಿ.ಮೀ. ಡ್ರಾಪ್‌ನ ಜೋಡಿ, ಕ ಜೋಡಿಗೆ ಹೋಲಿಸಿದರೆ ಪ್ರತಿ ಶೂ ಸುಮಾರು 80 ಗ್ರಾಂ ಕಡಿಮೆ ತೂಗುತ್ತಿತ್ತು. ಘ ಸ್ಪರ್ಧೆಯ ಶೂ: ಪೆಬಾ ಎಂಬ ಹಗುರವಾದ, ಪುಟಿಯುವ ಫೋಮ್‌ನ ದಪ್ಪ ಅಟ್ಟೆ, ಅದರೊಳಗೆ ಬಾಗಿದ ಕಾರ್ಬನ್ ಪ್ಲೇಟ್, ಮುಂದಕ್ಕೆ ಉರುಳಿಸುವಂಥ ತುದಿ. 2017ರಲ್ಲಿ ಈ ಬಗೆಯ ಶೂಗಳು ಮಾರುಕಟ್ಟೆಗೆ ಬಂದ ಮೇಲೆ ಓಟದ ಜಗತ್ತಿನಲ್ಲಿ ಎದ್ದ ಗದ್ದಲ, 2020ರಲ್ಲಿ ಅಥ್ಲೆಟಿಕ್ಸ್‌ನ ಅಂತರರಾಷ್ಟ್ರೀಯ ಆಡಳಿತ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ರಸ್ತೆ ಸ್ಪರ್ಧೆಯ ಶೂಗಳ ಅಟ್ಟೆಯ ದಪ್ಪಕ್ಕೆ 40 ಮಿ.ಮೀ. ಮಿತಿ ಹಾಕಿ, ಒಂದಕ್ಕಿಂತ ಹೆಚ್ಚು ಪ್ಲೇಟ್ ಇರಕೂಡದೆಂದು ನಿಯಮ ಮಾಡಿದ್ದು ಓದುಗರಿಗೆ ತಿಳಿದೇ ಇರುತ್ತದೆ.

ಸರದಿ ಬಳಕೆಗೆ ಅವರು ತೊಡಗಿದ್ದು ಶೋಕಿಗಾಗಿ ಅಲ್ಲ. ಲಕ್ಸೆಂಬರ್ಗ್‌ನ ಸಂಶೋಧಕರು 264 ಹವ್ಯಾಸಿ ಓಟಗಾರರನ್ನು 22 ವಾರ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಜೋಡಿಗಳನ್ನು ಜೊತೆಜೊತೆಗೆ ಬಳಸಿದವರಲ್ಲಿ ಗಾಯದ ಅಪಾಯ ಶೇ. 39ರಷ್ಟು ಕಡಿಮೆ ಇತ್ತೆಂಬುದನ್ನು ಅವರು ಓದಿದ್ದರು. ಅದು ಗಮನಿಸಿ ಬರೆದ ಅಧ್ಯಯನ. ಯಾರಿಗೆ ಎಷ್ಟು ಜೋಡಿ ಎಂದು ಚೀಟಿ ಎತ್ತಿ ಹಂಚಿ ಮಾಡಿದ ಪ್ರಯೋಗವಲ್ಲ. ಹಲವು ಜೋಡಿ ಇಟ್ಟುಕೊಳ್ಳುವವರು ಬೇರೆ ವಿಷಯಗಳಲ್ಲೂ ಎಚ್ಚರಿಕೆಯವರಾಗಿರಬಹುದು ಎಂಬ ಅನುಮಾನಕ್ಕೆ ಅಲ್ಲಿ ಎಡೆ ಉಳಿದೇ ಇರುತ್ತದೆ. ಆದರೂ ಶೂ ಬದಲಾದಂತೆ ಸ್ನಾಯು, ಮೂಳೆ, ಸ್ನಾಯುರಜ್ಜುಗಳ ಮೇಲೆ ಬೀಳುವ ಭಾರದ ಹಂಚಿಕೆ ಬದಲಾಗುತ್ತದೆ, ಒಂದೇ ಜಾಗ ಪ್ರತಿದಿನ ಒಂದೇ ರೀತಿ ದುಡಿಯುವುದು ತಪ್ಪುತ್ತದೆ ಎಂಬ ವಿವರಣೆ ತರ್ಕಬದ್ಧವಾಗಿದೆ.

ಸಮಸ್ಯೆ

ಸರದಿ ಶುರುವಾದ ಕೆಲವು ವಾರಗಳಲ್ಲೇ ಎಡಗಾಲಿನ ಅಕಿಲಿಸ್ ಸ್ನಾಯುರಜ್ಜಿನಲ್ಲಿ, ಅಂದರೆ ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ರಜ್ಜಿನಲ್ಲಿ, ಬೆಳಗಿನ ಹೊತ್ತು ಬಿಗಿತ ಕಾಣಿಸಿಕೊಂಡಿತು. ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗಳು ಕುಂಟುವಂತಾಗುತ್ತಿದ್ದವು. ನಡೆದಾಡಿದ ಮೇಲೆ ಸಡಿಲವಾಗುತ್ತಿತ್ತು. ವಾರದ ಎಲ್ಲ ದಿನಗಳಲ್ಲಿ ಗುರುವಾರ ಬೆಳಿಗ್ಗೆ ಅದು ಅತ್ಯಂತ ಹೆಚ್ಚು. ಬುಧವಾರ ಸಂಜೆ ಅವರು ಓಡುತ್ತಿದ್ದದ್ದು ಕ ಜೋಡಿಯಲ್ಲಿ. ಹೀಗಾಗಿ ಅವರ ತೀರ್ಮಾನ ಬೇಗನೆ ಗಟ್ಟಿಯಾಯಿತು: ಹಳೆಯ ಶೂವಿನ ಮೆತ್ತೆ ಸತ್ತಿದೆ, ಅದೇ ಹಿಮ್ಮಡಿಯನ್ನು ಹಾಳು ಮಾಡುತ್ತಿದೆ, ಅದನ್ನು ಬಿಸಾಡಬೇಕು. ಓಟದ ಶೂ 500ರಿಂದ 800 ಕಿ.ಮೀ. ಬಾಳುತ್ತದೆ ಎಂಬ ರೂಢಿಯ ಲೆಕ್ಕವೂ ಈ ತೀರ್ಮಾನಕ್ಕೆ ಬೆಂಬಲವಾಗಿ ನಿಂತಿತ್ತು.

ನನ್ನ ಬಳಿ ಬಂದಾಗ ಅವರು ಕೇಳಿದ್ದು ಕ ಜೋಡಿಯ ಬದಲಿಗೆ ಯಾವುದನ್ನು ಕೊಳ್ಳಬೇಕು ಎಂಬುದನ್ನು, ನೋವಿನ ಕಾರಣವನ್ನಲ್ಲ. ಇನ್ನೊಂದು ಜೋಡಿ ಕೊಳ್ಳುವ ಮೊದಲು ಈಗಿರುವ ದಾಖಲೆಯನ್ನು ಪೂರ್ತಿ ಓದೋಣ ಎಂದು ಒಪ್ಪಿಕೊಂಡದ್ದು ಈ ಪ್ರಕರಣದ ಮೊದಲ ತಿರುವು. ಶೂ ಬಿಸಾಡುವ ಕೆಲಸಕ್ಕೆ ಅವಸರವೇನೂ ಇರಲಿಲ್ಲ. ಬಿಸಾಡಿದ ಮೇಲೆ ಮಾತ್ರ ಅದನ್ನು ಪರೀಕ್ಷಿಸುವ ದಾರಿ ಮುಚ್ಚಿಹೋಗುತ್ತಿತ್ತು.

ದಾಖಲೆ ಏನು ಹೇಳುತ್ತಿತ್ತು, ಏನು ಹೇಳುತ್ತಿರಲಿಲ್ಲ

ಫೋನಿನ ಆ್ಯಪ್‌ನಲ್ಲಿ ಅವರು ಪ್ರತಿ ಓಟದ ದಿನಾಂಕ, ದೂರ, ಸಮಯ ಮತ್ತು ಶೂ ಯಾವುದೆಂಬುದನ್ನು ತಪ್ಪದೆ ನಮೂದಿಸಿದ್ದರು. ಪ್ರತಿ ಜೋಡಿ ಒಟ್ಟು ಎಷ್ಟು ಓಡಿದೆ ಎಂಬುದು ಅಲ್ಲಿ ನಿಖರವಾಗಿ ಸಿಗುತ್ತಿತ್ತು. ಆದರೆ ಆ ಪಟ್ಟಿಯನ್ನು ವಾರದ ದಿನಗಳ ಪ್ರಕಾರ ಜೋಡಿಸಿ ನೋಡಿದ ಕೂಡಲೇ ಒಂದು ಸಂಗತಿ ಎದ್ದು ಕಂಡಿತು. ಸರದಿ ಶುರುವಾದಂದಿನಿಂದ ಗ ಜೋಡಿ ಮಂಗಳವಾರ ಮಾತ್ರ, ಕ ಬುಧವಾರ ಮಾತ್ರ, ಘ ಶುಕ್ರವಾರ ಮಾತ್ರ, ಖ ಭಾನುವಾರ ಮಾತ್ರ ಬಳಕೆಯಾಗಿದ್ದವು. ಒಂದೇ ಒಂದು ವಾರವೂ ಈ ಕ್ರಮ ತಪ್ಪಿರಲಿಲ್ಲ.

ಶಿಸ್ತಿನ ದೃಷ್ಟಿಯಿಂದ ಇದು ಮೆಚ್ಚುವಂಥದ್ದೇ. ಪರೀಕ್ಷೆಯ ದೃಷ್ಟಿಯಿಂದ ಮಾತ್ರ ಇದರಿಂದ ಏನನ್ನೂ ತಿಳಿಯಲು ಸಾಧ್ಯವಿರಲಿಲ್ಲ. ಕ ಜೋಡಿ ಇಂಟರ್ವಲ್ ಓಟದ ಮರುದಿನವಲ್ಲದೆ ಬೇರೆ ಯಾವ ದಿನವೂ ಹೊರಬಿದ್ದೇ ಇರಲಿಲ್ಲ. ಗ ಜೋಡಿ ನಿಧಾನವಾಗಿ ಓಡಿಯೇ ಇರಲಿಲ್ಲ. ಶೂ ಯಾವುದು, ವೇಗ ಎಷ್ಟು, ಹಿಂದಿನ ದಿನ ಏನು ಮಾಡಿದ್ದರು ಎಂಬ ಮೂರೂ ಸಂಗತಿಗಳು ಒಂದಕ್ಕೊಂದು ಅಂಟಿಕೊಂಡಿದ್ದಾಗ ನೋವಿಗೆ ಅವುಗಳಲ್ಲಿ ಯಾವುದು ಕಾರಣ ಎಂದು ಎಷ್ಟು ವಾರಗಳ ದಾಖಲೆ ಇದ್ದರೂ ಬಿಡಿಸಿ ಹೇಳಲಾಗದು. ಹಲವು ಜೋಡಿ ಇಟ್ಟುಕೊಂಡಿರುವ ಓಟಗಾರರಲ್ಲಿ ಬಹುಪಾಲು ಜನ ಹೀಗೇ ದಿನಕ್ಕೊಂದು ಶೂ ಗೊತ್ತುಮಾಡಿಕೊಂಡಿರುತ್ತಾರೆ ಎಂಬುದು ನನ್ನ ಅನುಭವ. ಓಡಲು ಅದು ಅನುಕೂಲ. ಶೂಗಳ ಬಗ್ಗೆ ತೀರ್ಪು ಕೊಡಲು ಮಾತ್ರ ಅದು ಯಾವ ಆಧಾರವನ್ನೂ ಒದಗಿಸುವುದಿಲ್ಲ.

ಇನ್ನೊಂದು ಕೊರತೆಯೂ ಇತ್ತು. ಮರುದಿನ ಬೆಳಗಿನ ನೋವು ಎಷ್ಟಿತ್ತು ಎಂಬುದು ಎಲ್ಲೂ ದಾಖಲಾಗಿರಲಿಲ್ಲ. ಗುರುವಾರ ಹೆಚ್ಚು ಎಂಬುದು ನೆನಪಿನ ಮಾತು. ಸ್ನಾಯುರಜ್ಜು ತನ್ನ ದೂರನ್ನು ಓಡುವಾಗಲೇ ಹೇಳುವುದು ಕಡಿಮೆ. ಭಾರ ಬಿದ್ದ ಮರುದಿನ, ಕೆಲವೊಮ್ಮೆ ಅದರ ನಂತರದ ದಿನ, ಬೆಳಗಿನ ಬಿಗಿತವಾಗಿ ಅದು ಹೊರಬರುತ್ತದೆ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಎದ್ದ ಕೂಡಲೇ ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ನೋವನ್ನು ಬರೆದಿಡುವುದು, ಓಡಿದರೂ ಓಡದಿದ್ದರೂ ಅದನ್ನು ಬಿಡದಿರುವುದು ಎಂದು ತೀರ್ಮಾನವಾಯಿತು. ಮೊದಲ ಎರಡು ವಾರ ಬೇರೇನನ್ನೂ ಬದಲಿಸದೆ ಇಷ್ಟನ್ನೇ ಮಾಡಿದಾಗ ಅವರ ನೆನಪು ಸರಿಯೆಂದು ಗೊತ್ತಾಯಿತು: ಬುಧವಾರ ಬೆಳಿಗ್ಗೆ ಎರಡು, ಗುರುವಾರ ಬೆಳಿಗ್ಗೆ ನಾಲ್ಕು, ಉಳಿದ ದಿನ ಒಂದು ಅಥವಾ ಸೊನ್ನೆ. ಬುಧವಾರದ ಆ ಎರಡನ್ನು ಅವರು ಇಲ್ಲಿಯವರೆಗೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕ ಜೋಡಿ ಕಾಲಿಗೆ ಏರುವ ಮೊದಲೇ ನೋವು ಅಲ್ಲಿತ್ತು.

ಏನನ್ನು ಪ್ರಯತ್ನಿಸಲಾಯಿತು

ಫಿಸಿಯೊ ಪರೀಕ್ಷಿಸಿ, ನೋವು ರಜ್ಜು ಹಿಮ್ಮಡಿಯ ಮೂಳೆಗೆ ಅಂಟುವ ಜಾಗದಲ್ಲಿಲ್ಲ, ಅದಕ್ಕಿಂತ ಕೆಲವು ಸೆಂಟಿಮೀಟರ್ ಮೇಲೆ, ನಡುಭಾಗದಲ್ಲಿದೆ ಎಂದು ಖಚಿತಪಡಿಸಿದರು. ಈ ವ್ಯತ್ಯಾಸ ಶೂ ಪರೀಕ್ಷೆಗೂ ಮುಖ್ಯವಾಗಿತ್ತು. ಅಂಟುವ ಜಾಗದಲ್ಲೇ ನೋವಿದ್ದಿದ್ದರೆ ಶೂವಿನ ಹಿಂಭಾಗದ ಗಟ್ಟಿ ಅಂಚು ಒತ್ತುತ್ತಿರಬಹುದೇ ಎಂಬುದನ್ನೂ ನೋಡಬೇಕಾಗುತ್ತಿತ್ತು. ಪೂರ್ತಿ ವಿಶ್ರಾಂತಿ ಬೇಡ, ಮೀನಖಂಡವನ್ನು ಬಲಪಡಿಸುವ ಹಿಮ್ಮಡಿ ಎತ್ತುವ ವ್ಯಾಯಾಮ ಇರಲಿ, ಓಡುವಾಗಿನ ನೋವು ಮೂರನ್ನು ಮೀರಿದರೆ ಅಂದಿನ ಓಟ ನಿಲ್ಲಿಸಿ ಎಂಬುದು ಅವರ ಸಲಹೆ. ಅಕಿಲಿಸ್ ಚಿಕಿತ್ಸೆಯಲ್ಲಿ ಹೆಸರಾದ ನೋವಿನ ಅಳತೆಯ ಪದ್ಧತಿ ಐದರವರೆಗೆ ಅವಕಾಶ ಕೊಡುತ್ತದೆ. ಪರೀಕ್ಷೆಯೂ ನಡೆಯುತ್ತಿರುವುದರಿಂದ ಮಿತಿಯನ್ನು ಬೇಕೆಂದೇ ಕೆಳಗಿಡಲಾಯಿತು. ಇಂಟರ್ವಲ್‌ಗಳ ಸಂಖ್ಯೆಯನ್ನು ಸುಮಾರು ಮೂರರಲ್ಲಿ ಒಂದು ಭಾಗ ಕಡಿಮೆ ಮಾಡಿ, ಆ ಪ್ರಮಾಣವನ್ನೇ ಮುಂದಿನ ವಾರಗಳಲ್ಲೂ ಹಾಗೇ ಕಾಯ್ದುಕೊಂಡೆವು.

ಮುಂದಿನ ಹೆಜ್ಜೆ ಸರಳವಾಗಿತ್ತು. ಮಂಗಳವಾರ ಮತ್ತು ಬುಧವಾರದ ಶೂಗಳನ್ನು ಅದಲುಬದಲು ಮಾಡಿ ಎರಡು ವಾರ ಓಡುವುದು: ಇಂಟರ್ವಲ್‌ಗೆ ಕ, ನಿಧಾನದ ಓಟಕ್ಕೆ ಗ. ಉಳಿದದ್ದೆಲ್ಲ ಇದ್ದಂತೆಯೇ ಇರಬೇಕು. ಆರಂಭಿಸುವ ಮೊದಲು, ಯಾವ ಫಲಿತಾಂಶ ಬಂದರೆ ಅದರ ಅರ್ಥ ಏನು ಎಂಬುದನ್ನು ಇಬ್ಬರೂ ಕೂತು ಬರೆದಿಟ್ಟೆವು. ಬಂದ ಮೇಲೆ ಅರ್ಥ ಹುಡುಕಲು ಹೊರಟರೆ ಮನಸ್ಸು ತನಗೆ ಬೇಕಾದ ಅರ್ಥವನ್ನೇ ಹುಡುಕಿ ತರುತ್ತದೆ. ದೋಷ ಕ ಜೋಡಿಯದಾಗಿದ್ದರೆ ಅದನ್ನು ವೇಗದ ಓಟಕ್ಕೆ ಹಾಕಿದಾಗ ಬುಧವಾರ ಬೆಳಗಿನ ನೋವು ಏರಬೇಕು. ವೇಗ ಏನೇ ಇರಲಿ ಗ ಜೋಡಿಯೇ ದೋಷಿಯಾಗಿದ್ದರೆ, ಅದು ಈಗ ಬುಧವಾರ ಸಂಜೆ ಓಡುವುದರಿಂದ, ಗುರುವಾರದ ನೋವು ಹಾಗೇ ಉಳಿಯಬೇಕು. ಶೂಗಳಿಗೂ ನೋವಿಗೂ ಸಂಬಂಧವೇ ಇಲ್ಲದೆ ಬೆನ್ನುಬೆನ್ನಿಗೆ ಎರಡು ದಿನ ಓಡುವುದೇ ಕಾರಣವಾಗಿದ್ದರೆ ಏನೂ ಬದಲಾಗಬಾರದು. ಎರಡೂ ದಿನ ನೋವು ಇಳಿದರೆ ಮಾತ್ರ, ಕಡಿಮೆ ಡ್ರಾಪ್ ಮತ್ತು ಹೆಚ್ಚಿನ ವೇಗ ಒಟ್ಟಾಗಿ ಸೇರಿದ್ದೇ ಕಾರಣ ಎಂದು ಹೇಳಬಹುದು.

ಎರಡನೆಯ ವಾರದ ಹೊತ್ತಿಗೆ ಬುಧವಾರ ಬೆಳಿಗ್ಗೆ ಒಂದು, ಗುರುವಾರ ಬೆಳಿಗ್ಗೆ ಒಂದು ಅಥವಾ ಎರಡು.

ಓಟಗಾರ್ತಿಗೆ ಇಷ್ಟು ಸಾಕೆನಿಸಿತು, ಸಹಜವೇ. ಆದರೆ ಒಂದು ತೊಡಕು ಉಳಿದಿತ್ತು. ವ್ಯಾಯಾಮವೂ ಇಂಟರ್ವಲ್ ಕಡಿತವೂ ಇದೇ ಅವಧಿಯಲ್ಲಿ ನಡೆದಿದ್ದವು. ನೋವು ಇಳಿದದ್ದು ಶೂ ಬದಲಾದದ್ದರಿಂದಲೋ, ಮೀನಖಂಡ ಬಲವಾದದ್ದರಿಂದಲೋ, ಓಟ ಕಡಿಮೆಯಾದದ್ದರಿಂದಲೋ ಎಂದು ಕೇಳಿದರೆ ಉತ್ತರ ಇರಲಿಲ್ಲ. ಉತ್ತರ ಸಿಗಬೇಕಾದರೆ ವ್ಯಾಯಾಮ ಮತ್ತು ಇಂಟರ್ವಲ್ ಪ್ರಮಾಣ ಎರಡನ್ನೂ ಹಾಗೇ ಇಟ್ಟು ಶೂಗಳನ್ನು ಮಾತ್ರ ಹಿಂದಿನ ಕ್ರಮಕ್ಕೆ ಮರಳಿಸಿ ನೋಡಬೇಕಿತ್ತು. ಇಳಿದ ನೋವನ್ನು ಬೇಕೆಂದೇ ಮರಳಿ ಕರೆಯುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಎದ್ದಿತು, ಮತ್ತು ಅದು ಹಗುರವಾದ ಪ್ರಶ್ನೆಯಲ್ಲ. ಫಿಸಿಯೊ ಒಪ್ಪಿದರು, ಷರತ್ತಿನ ಮೇಲೆ: ಎರಡು ವಾರಕ್ಕಿಂತ ಹೆಚ್ಚಿಲ್ಲ, ಬೆಳಗಿನ ನೋವು ಮೂರಕ್ಕೆ ಮುಟ್ಟಿದ ದಿನವೇ ಪ್ರಯೋಗ ಮುಗಿಯಬೇಕು. ಓಟಗಾರ್ತಿ ಒಂದು ದಿನ ಯೋಚಿಸಿ ಒಪ್ಪಿದರು. ಸ್ಪರ್ಧೆ ಹತ್ತಿರವಿದ್ದಿದ್ದರೆ ನಾನು ಇದನ್ನು ಸೂಚಿಸುತ್ತಲೇ ಇರಲಿಲ್ಲ, ಸಾಕಷ್ಟು ದೂರವಿತ್ತು.

ಹಳೆಯ ಕ್ರಮಕ್ಕೆ ಮರಳಿದ ಎರಡನೆಯ ವಾರ ಗುರುವಾರ ಬೆಳಿಗ್ಗೆ ನೋವು ಮೂರಕ್ಕೆ ಬಂತು. ಪ್ರಯೋಗ ನಿಂತಿತು, ಶೂಗಳು ಮತ್ತೆ ಅದಲುಬದಲಾದವು, ನೋವು ಮತ್ತೆ ಇಳಿಯಿತು. ಹಾಗೆಂದು ವ್ಯಾಯಾಮದ ಪಾಲು ಶೂನ್ಯವೇನಲ್ಲ: ಅದೇ ಕ್ರಮ ಮೊದಲ ಸಲ ನಾಲ್ಕು ಕೊಟ್ಟಿತ್ತು, ಈಗ ಮೂರು ಕೊಟ್ಟಿತು.

ಇದರ ಹಿಂದಿನ ಕಾರಣ ನಿಗೂಢವಲ್ಲ. ಹಿಮ್ಮಡಿಯ ಕೆಳಗಿನ ಎತ್ತರ ಕಡಿಮೆಯಾದಷ್ಟೂ ಕಣಕಾಲು ಹೆಚ್ಚು ಬಾಗುತ್ತದೆ, ಮೀನಖಂಡ ಮತ್ತು ಅಕಿಲಿಸ್ ರಜ್ಜು ಹೆಚ್ಚು ದುಡಿಯುತ್ತವೆ. ಎತ್ತರದ ಡ್ರಾಪ್‌ನಲ್ಲಿ ಆ ಭಾರದ ಒಂದಷ್ಟು ಮೊಣಕಾಲಿನತ್ತ ಸರಿಯುತ್ತದೆ. ವೇಗ ಏರಿದಂತೆಯೂ ಮೀನಖಂಡದ ಮೇಲಿನ ಬಲ ಏರುತ್ತದೆ. ಗ ಜೋಡಿಯಲ್ಲಿ ನಿಧಾನವಾಗಿ ಓಡಿದಾಗ ರಜ್ಜು ತಡೆದುಕೊಂಡಿತು, ಕ ಜೋಡಿಯಲ್ಲಿ ವೇಗವಾಗಿ ಓಡಿದಾಗಲೂ ತಡೆದುಕೊಂಡಿತು. ಎರಡೂ ಒಂದೇ ಸಂಜೆ ಒಟ್ಟಿಗೆ ಬಂದಾಗ, ಅದರ ಮೇಲೆ ಮರುದಿನವೇ ಇನ್ನೊಂದು ಓಟವೂ ಸೇರಿದಾಗ, ತಡೆದುಕೊಳ್ಳಲಿಲ್ಲ. ವರ್ಷಗಟ್ಟಲೆ 10 ಮಿ.ಮೀ. ಡ್ರಾಪ್‌ಗೆ ಒಗ್ಗಿದ್ದ ಕಾಲಿಗೆ ಗ ಜೋಡಿಯನ್ನು ತೊಡಿಸಿದ ಮೊದಲ ದಿನವೇ ಇಂಟರ್ವಲ್ ಓಡಿದ್ದು ದಾಖಲೆಯಲ್ಲಿತ್ತು. ತೀರಾ ತೆಳುವಾದ, ಬರಿಗಾಲಿನಂಥ ಶೂಗಳಿಗೆ 10 ವಾರಗಳಲ್ಲಿ ಹಂತಹಂತವಾಗಿ ಬದಲಾದವರಲ್ಲೂ ಪಾದದ ಮೂಳೆಗಳ ಮಜ್ಜೆಯಲ್ಲಿ ಊತ ಹೆಚ್ಚಾಗಿದ್ದು 2013ರಲ್ಲಿ ಪ್ರಕಟವಾದ ಎಂಆರ್‌ಐ ಅಧ್ಯಯನದಲ್ಲಿ ಕಂಡುಬಂದಿತ್ತು. ಗ ಅಷ್ಟು ತೆಳುವಾದ ಶೂ ಅಲ್ಲ ನಿಜ. ಆದರೂ ಹೊಂದಿಕೊಳ್ಳಲು ಕಾಲಿಗೆ ಬೇಕಾದ ಕಾಲಾವಕಾಶವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ ಎಂಬುದಕ್ಕೆ ಅದೊಂದು ಎಚ್ಚರಿಕೆ.

ಮೆತ್ತನೆಯ ಪ್ರಶ್ನೆ

ಅಕಿಲಿಸ್ ವಿಚಾರ ಒಂದು ದಡ ಸೇರಿದ ಮೇಲೆ ಉಳಿದ ಎರಡು ಜೋಡಿಗಳನ್ನೂ ಹೀಗೇ ನೋಡುವ ಆಸೆ ಅವರಿಗೆ ಹುಟ್ಟಿತು. ಖ ಜೋಡಿಯ ಬಗ್ಗೆ ಅವರಿಗಿದ್ದ ಮೊದಲ ದೂರು, ಹಿಮ್ಮಡಿ ಜಾರುತ್ತದೆ ಎಂಬುದು, ಲೇಸ್ ಕಟ್ಟುವ ಕ್ರಮದಲ್ಲೇ ಬಗೆಹರಿಯಿತು: ಕೊನೆಯ ಹೆಚ್ಚುವರಿ ರಂಧ್ರದಲ್ಲಿ ಲೇಸನ್ನು ಕುಣಿಕೆ ಮಾಡಿ ಅದರೊಳಗೆ ಇನ್ನೊಂದು ಬದಿಯ ಲೇಸ್ ತೂರಿಸಿ ಬಿಗಿದಾಗ ಹಿಮ್ಮಡಿ ನಿಂತಿತು. ಶೂಗಳಲ್ಲಿ ಆ ಹೆಚ್ಚುವರಿ ರಂಧ್ರ ಇರುವುದೇ ಇದಕ್ಕೆ, ಮತ್ತು ಅದನ್ನು ಬಳಸುವವರು ಕಡಿಮೆ.

ಹಿತದ ಪ್ರಶ್ನೆ ಹೆಚ್ಚು ಕುತೂಹಲದ್ದು. ಓಟಗಾರರು ತಮಗೆ ಹಿತವೆನಿಸಿದ ಶೂವನ್ನು ಆರಿಸಿಕೊಂಡರೆ ದೇಹ ತನ್ನ ಸಹಜ ಚಲನೆಯ ದಾರಿಯಲ್ಲಿ ಉಳಿಯುತ್ತದೆ, ಗಾಯ ಕಡಿಮೆಯಾಗಬಹುದು ಎಂದು ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಸಹೋದ್ಯೋಗಿಗಳು 2015ರಲ್ಲಿ ಮಂಡಿಸಿದ ವಾದವನ್ನು ಓಟದ ವಲಯದಲ್ಲಿ ಬಹಳ ಜನ ನೆಚ್ಚುತ್ತಾರೆ. ಆದರೆ ಯಾವ ಹೊತ್ತಿನ ಹಿತ? ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದಾಗಿನದೋ, ಒಂದೂವರೆ ಗಂಟೆ ಓಡಿದ ಮೇಲಿನದೋ? ನಮ್ಮ ಓಟಗಾರ್ತಿ ಭಾನುವಾರದ ಓಟಗಳನ್ನು ಕ ಮತ್ತು ಖ ಜೋಡಿಗಳ ನಡುವೆ ವಾರ ಬಿಟ್ಟು ವಾರ ಹಂಚಿಕೊಂಡು, ಓಟ ಶುರುವಾಗಿ ಹತ್ತು ನಿಮಿಷವಾದಾಗ ಒಮ್ಮೆ, ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಹಿತಕ್ಕೆ ಅಂಕ ಕೊಟ್ಟರು. ಖ ಪ್ರತಿ ಸಲವೂ ಆರಂಭದಲ್ಲಿ ಗೆದ್ದು ಕೊನೆಯಲ್ಲಿ ಸೋತಿತು. ದಣಿದ ಕಾಲುಗಳಿಗೆ ಆ ಮೆತ್ತನೆ ಅಸ್ಥಿರವಾಗಿ ತೋರುತ್ತಿತ್ತು. ಇಳಿಜಾರಾದ ರಸ್ತೆಯಂಚಿನಲ್ಲಿ ಕಣಕಾಲು ತನ್ನನ್ನು ತಾನು ಸಂಭಾಳಿಸಿಕೊಳ್ಳಲು ದುಡಿಯುತ್ತಿದೆ ಎನ್ನಿಸುತ್ತಿತ್ತು. ಕ ಆರಂಭದಲ್ಲಿ ಒರಟು, ಕೊನೆಯವರೆಗೂ ಒಂದೇ ಸಮ. ಸತ್ತಿದೆ ಎಂದು ಅವರು ಘೋಷಿಸಿದ್ದ ಶೂ ಹೀಗೆ ದೀರ್ಘ ಓಟಕ್ಕೆ ಎಲ್ಲಕ್ಕಿಂತ ಯೋಗ್ಯವೆಂದು ಹೊರಬಿತ್ತು.

ಇಲ್ಲಿ ಸಂಬಂಧಪಟ್ಟ ಒಂದು ಮಾತು. ಸರದಿ ಬಳಕೆಯ ಪರವಾಗಿ ಎಲ್ಲರೂ ಹೇಳುವ ಕಾರಣ, ಫೋಮ್ ಮೊದಲಿನಂತಾಗಲು ಒಂದೆರಡು ದಿನ ವಿಶ್ರಾಂತಿ ಬೇಕು ಎಂಬುದು. ಈ ಪ್ರಕರಣದಲ್ಲಿ ಅದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಬೇಕೆಂದೇ ಸತತ ಎರಡು ದಿನ ಕ ಜೋಡಿಯಲ್ಲಿ ಓಡಿದಾಗಲೂ ಅವರ ಅಂಕಗಳು ಬದಲಾಗಲಿಲ್ಲ. ಬೆವರಿನಿಂದಲೋ ಮಳೆಯಿಂದಲೋ ಒದ್ದೆಯಾದ ಶೂ ಪೂರ್ತಿ ಒಣಗಲು ಸಮಯ ಬೇಕು, ಒಣಗದ ಶೂ ಗುಳ್ಳೆಗೂ ವಾಸನೆಗೂ ದಾರಿ ಎಂಬ ಸಾದಾ ಕಾರಣವೇ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಚಳಿಯಲ್ಲಿ ಇವಿಎ ಗಟ್ಟಿಯಾಗುತ್ತದೆ, ಬಿಸಿಲಿಗೆ ಮೆತ್ತಗಾಗುತ್ತದೆ ಎಂಬುದನ್ನೂ ಹಿತದ ಅಂಕಗಳನ್ನು ಹೋಲಿಸುವಾಗ ನೆನಪಿಡಬೇಕು. ಬೇರೆ ಬೇರೆ ಋತುಗಳ ಅಂಕಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡಲಾಗದು.

ವೇಗದ ಪ್ರಶ್ನೆ

ಘ ಜೋಡಿ ತಮ್ಮನ್ನು ಕಿಲೋಮೀಟರಿಗೆ 15 ಸೆಕೆಂಡು ವೇಗವಾಗಿಸುತ್ತದೆ ಎಂದು ಓಟಗಾರ್ತಿ ನಂಬಿದ್ದರು. ಶುಕ್ರವಾರದ ದಾಖಲೆ ಹಾಗೆಯೇ ಹೇಳುತ್ತಿತ್ತು. ಆದರೆ ಹೋಲಿಕೆ ಯಾವುದರ ಜೊತೆ? ಹಿಂದಿನ ಋತುವಿನಲ್ಲಿ, ಸೆಖೆಯಲ್ಲಿ, ಕ ಜೋಡಿಯಲ್ಲಿ ಓಡಿದ ಟೆಂಪೊಗಳ ಜೊತೆ. ಸೆಖೆಯಲ್ಲಿ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ, ಅದೇ ಬಡಿತಕ್ಕೆ ವೇಗ ಇಳಿಯುತ್ತದೆ. ಶೂ ಕೊಟ್ಟದ್ದೆಷ್ಟು, ಹವೆ ಕೊಟ್ಟದ್ದೆಷ್ಟು ಎಂದು ಆ ದಾಖಲೆಯಿಂದ ತಿಳಿಯುವಂತಿರಲಿಲ್ಲ.

ಆದ್ದರಿಂದ ಒಂದೇ ಬೆಳಿಗ್ಗೆ, ಸಮತಟ್ಟಾದ ಒಂದೇ ಸುತ್ತಿನಲ್ಲಿ, ಎದೆಪಟ್ಟಿಯಿಂದ ಅಳೆದ ಒಂದೇ ಹೃದಯ ಬಡಿತದ ಮಟ್ಟ ಹಿಡಿದು ಘ, ಕ, ಕ, ಘ ಎಂಬ ಅನುಕ್ರಮದಲ್ಲಿ ಓಡಿದರು. ಈ ಅನುಕ್ರಮಕ್ಕೆ ಕಾರಣವಿದೆ: ದಣಿವು ಸುತ್ತಿನಿಂದ ಸುತ್ತಿಗೆ ಏರುತ್ತ ಹೋಗುತ್ತದೆ, ಒಂದು ಶೂ ಮೊದಲು ಮತ್ತು ಕೊನೆಗೆ, ಇನ್ನೊಂದು ನಡುವೆ ಎರಡು ಸಲ ಬಂದರೆ ದಣಿವಿನ ಭಾರ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಮುಂದೊಂದು ದಿನ ಕ, ಘ, ಘ, ಕ ಎಂದು ತಿರುಗಿಸಿ ಮತ್ತೆ ಓಡಿದರು. ಎರಡೂ ದಿನ ಘ ಮುಂದಿತ್ತು; ಆದರೆ ವ್ಯತ್ಯಾಸ ಅವರು ನಂಬಿದ್ದರ ಅರ್ಧಕ್ಕಿಂತ ಕಡಿಮೆ. ನಿಧಾನದ ಓಟದ ವೇಗದಲ್ಲಿ ಇದನ್ನೇ ಮಾಡಿದಾಗ ವ್ಯತ್ಯಾಸ ಹೇಳಿಕೊಳ್ಳುವಷ್ಟು ಉಳಿಯಲಿಲ್ಲ. ಈ ಬಗೆಯ ಶೂಗಳಿಗೆ ಪ್ರಸಿದ್ಧಿ ತಂದ ಶೇ. 4 ಎಂಬ ಅಂಕಿ ಓಟಕ್ಕೆ ಖರ್ಚಾಗುವ ಶಕ್ತಿಯ ಉಳಿತಾಯದ್ದು, ಅದೂ ವೇಗದ ಓಟಗಾರರ ಮೇಲೆ ಪ್ರಯೋಗಾಲಯದಲ್ಲಿ ಅಳೆದದ್ದು. ಅಷ್ಟೇ ಪ್ರಮಾಣದಲ್ಲಿ ವೇಗವೂ ಏರುತ್ತದೆ ಎಂದೇನೂ ಅಲ್ಲ, ಮತ್ತು ಲಾಭ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ. ಕಾಲಿಗೆ ಯಾವ ಶೂ ಇದೆ ಎಂಬುದನ್ನು ಓಟಗಾರರಿಂದ ಮುಚ್ಚಿಡಲು ಸಾಧ್ಯವಿಲ್ಲವಾದ್ದರಿಂದ, ಉಳಿದ ವ್ಯತ್ಯಾಸದಲ್ಲೂ ಉತ್ಸಾಹದ ಪಾಲು ಇದ್ದೇ ಇರುತ್ತದೆ.

ಗ ಜೋಡಿಯನ್ನು ಇಂಟರ್ವಲ್‌ನಿಂದ ತೆಗೆದರೆ ವೇಗ ಕಳೆದುಕೊಳ್ಳುತ್ತೇನೆ ಎಂಬ ಅಂಜಿಕೆಯನ್ನೂ ಇಲ್ಲೇ ತೂಗಿ ನೋಡಿದೆವು. ಪ್ರತಿ ಶೂಗೆ 100 ಗ್ರಾಂ ಹೆಚ್ಚಾದರೆ ಓಟದ ಶಕ್ತಿ ವೆಚ್ಚ ಸುಮಾರು ಶೇ. 1ರಷ್ಟು ಏರುತ್ತದೆ ಎಂಬುದು ಹಲವು ಬಾರಿ ಪರೀಕ್ಷೆಗೊಳಗಾದ ಲೆಕ್ಕ. 80 ಗ್ರಾಂ ಎಂದರೆ ಅದಕ್ಕೂ ಕಡಿಮೆ. ಅಭ್ಯಾಸದ ಓಟದಲ್ಲಿ ಅಷ್ಟಕ್ಕಾಗಿ ಸ್ನಾಯುರಜ್ಜನ್ನು ಪಣಕ್ಕಿಡುವುದರಲ್ಲಿ ಅರ್ಥವಿಲ್ಲವೆಂದು ಅವರೇ ಹೇಳಿದರು.

ಈ ನಡುವೆ ಒಂದು ಶುಕ್ರವಾರದ ನಂತರ ಘ ಧರಿಸಿದ್ದ ಬಲಪಾದದ ಮೇಲ್ಭಾಗದಲ್ಲಿ ನೋವು ಬಂತು. ಇಲ್ಲಿ ಪ್ರಯೋಗದ ಮಾತೇ ಇರಲಿಲ್ಲ. ಓಟ ಅಂದೇ ನಿಂತಿತು. ಕಾರ್ಬನ್ ಪ್ಲೇಟ್ ಶೂ ಬಳಸಿದ ಐವರು ಓಟಗಾರರಲ್ಲಿ ಪಾದದ ನಡುಭಾಗದ ನಾವಿಕ್ಯುಲರ್ ಮೂಳೆಗೆ ಒತ್ತಡದ ಗಾಯವಾದದ್ದನ್ನು 2023ರಲ್ಲಿ ವೈದ್ಯರು ವರದಿ ಮಾಡಿದ್ದರು. ಐದು ಪ್ರಕರಣಗಳು ಶೂವೇ ಕಾರಣವೆಂದು ಸಾಧಿಸುವುದಿಲ್ಲ, ಆದರೆ ಆ ಮೂಳೆಯ ಗಾಯ ನಿಧಾನವಾಗಿ ವಾಸಿಯಾಗುವಂಥದ್ದಾದ್ದರಿಂದ ಅನುಮಾನ ಬಂದಾಗ ಕಾಯುವುದು ತಪ್ಪಾಗುತ್ತದೆ. ವೈದ್ಯರು ಮೂಳೆಯನ್ನು ಒತ್ತಿ ನೋಡಿದಾಗ ನೋವಿರಲಿಲ್ಲ. ಲೇಸ್ ಹಾದುಹೋಗುವ ಚರ್ಮದ ಜಾಗದಲ್ಲಿ ಮಾತ್ರ ಇತ್ತು. ಶೂವಿನ ತೆಳುವಾದ ನಾಲಿಗೆಯ ಮೇಲೆ ಲೇಸನ್ನು ಅತಿಯಾಗಿ ಬಿಗಿದದ್ದೇ ಕಾರಣ. ಆ ಜಾಗದಲ್ಲಿ ಒಂದು ಅಡ್ಡಹಾಯ್ದ ಕಟ್ಟನ್ನು ಬಿಟ್ಟು ಲೇಸ್ ಪೋಣಿಸಿದ ಮೇಲೆ ಅದು ಮರಳಲಿಲ್ಲ.

ಏನಾಯಿತು, ಮತ್ತು ಅದರಿಂದ ಏನು ಉಳಿಯಿತು

ಕೊನೆಗೆ ನೆಲೆಗೊಂಡ ಕ್ರಮ ಮೊದಲಿನದಕ್ಕಿಂತ ಬಹಳ ಬೇರೆ. ಇಂಟರ್ವಲ್ ಮತ್ತು ದೀರ್ಘ ಓಟ ಎರಡೂ ಕ ಜೋಡಿಗೆ. ಚಿಕ್ಕ, ನಿಧಾನದ ಓಟಗಳು ಹೆಚ್ಚಾಗಿ ಖ ಜೋಡಿಗೆ. ಗ ವಾರಕ್ಕೊಮ್ಮೆ, ನಿಧಾನವಾಗಿ, ಕೊನೆಯಲ್ಲಿ ಕೆಲವೇ ಚಿಕ್ಕ ವೇಗದ ಓಟಗಳೊಂದಿಗೆ. ಘ ಸ್ಪರ್ಧೆಗೆ ಮತ್ತು ಅದಕ್ಕೆ ಮುಂಚಿನ ಒಂದೆರಡು ಟೆಂಪೊಗಳಿಗೆ ಮಾತ್ರ. ಇಂಟರ್ವಲ್ ಮತ್ತು ಅದರ ಮುಂದಿನ ಓಟದ ನಡುವೆ ಒಂದು ದಿನದ ಬಿಡುವು ಬಂತು. ಹಾಫ್ ಮ್ಯಾರಥಾನ್ ಅನ್ನು ಘ ಜೋಡಿಯಲ್ಲಿ, ಹಿಮ್ಮಡಿ ನೋವಿಲ್ಲದೆ ಮುಗಿಸಿದರು.

ಕ ಜೋಡಿಯನ್ನು ಬಿಸಾಡುವ ದಿನವೂ ಬಂತು, ಆದರೆ ಕಿಲೋಮೀಟರಿನ ಲೆಕ್ಕ ನೋಡಿ ಅಲ್ಲ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಹಿಮ್ಮಡಿ ಒಂದು ಬದಿಗೆ ವಾಲಿತ್ತು, ಹೊರ ಅಂಚಿನಲ್ಲಿ ರಬ್ಬರ್ ಸವೆದು ಫೋಮ್ ಕಾಣತೊಡಗಿತ್ತು, ದೀರ್ಘ ಓಟದ ಕೊನೆಯ ಅಂಕ ಸತತವಾಗಿ ಇಳಿದಿತ್ತು. ಮೂರೂ ಒಟ್ಟಿಗೆ ಬಂದಾಗ ಅವರು ಅದನ್ನು ಬಿಟ್ಟರು. ಬದಲಿಯನ್ನು ಹುಡುಕುವಾಗ ಮಾದರಿಯ ಹೆಸರನ್ನು ನೋಡಲಿಲ್ಲ. 10 ಮಿ.ಮೀ. ಡ್ರಾಪ್, ಗಟ್ಟಿಯಾದ ಫೋಮ್, ಅಗಲವಾದ ತಳ ಎಂಬ ಮೂರು ಗುಣಗಳನ್ನು ಬರೆದುಕೊಂಡು ಬೇರೆಯೇ ಕಂಪನಿಯ ಜೋಡಿಯನ್ನು ಆರಿಸಿದರು, ಮತ್ತು ಹಳೆಯದು ಪೂರ್ತಿ ಮುಗಿಯುವ ಮೊದಲೇ ಅದನ್ನು ಚಿಕ್ಕ ಓಟಗಳಿಂದ ಒಳತಂದರು.

ಈ ಕ್ರಮವನ್ನು ಇನ್ನೊಬ್ಬರು ಹಾಗೇ ನಕಲು ಮಾಡುವಂತಿಲ್ಲ. ನಕಲು ಮಾಡಬಹುದಾದದ್ದು ಶೂವನ್ನು ದಿನದಿಂದ ಬಿಡಿಸಿದ ರೀತಿ, ನಿರೀಕ್ಷೆಯನ್ನು ಮುಂಚೆಯೇ ಬರೆದಿಟ್ಟದ್ದು, ಒಮ್ಮೆಗೆ ಒಂದನ್ನೇ ಬದಲಿಸಿದ್ದು. ಮೊಣಕಾಲ ಚಿಪ್ಪಿನ ಸುತ್ತ ನೋವಿರುವ ಓಟಗಾರರಿಗೆ ಕ ಜೋಡಿಯ ಎತ್ತರದ ಹಿಮ್ಮಡಿಯೇ ಮೊದಲು ಅನುಮಾನಿಸಬೇಕಾದದ್ದು ಆಗಬಹುದು, ಗ ಜೋಡಿಯಂಥದ್ದೇ ಪರಿಹಾರದ ಭಾಗವಾಗಬಹುದು. ಅವರು ಬರೆದಿಡಬೇಕಾದದ್ದೂ ಬೆಳಗಿನ ಮೊದಲ ಹೆಜ್ಜೆಯ ಅಂಕವಲ್ಲ. ಮೆಟ್ಟಿಲು ಇಳಿಯುವಾಗಿನ, ಬಹಳ ಹೊತ್ತು ಕುಳಿತು ಎದ್ದಾಗಿನ ನೋವಿನ ಅಂಕ.